ಬೆಂಕಿ ಆರಿದ ಮೇಲಿನ ಕೆಲಸ: ಕಾಳ್ಗಿಚ್ಚಿಗೆ ಸಿಕ್ಕ ಊರಿಗಾಗಿ ಸಂಸ್ಥೆ ಕಟ್ಟುವವರಿಗೆ ಮಾರ್ಗದರ್ಶಿ

2018ರ ನವೆಂಬರ್ 8ರ ಬೆಳಿಗ್ಗೆ ಕ್ಯಾಲಿಫೋರ್ನಿಯಾದ ಪ್ಯಾರಡೈಸ್ ಪಟ್ಟಣಕ್ಕೆ ಕಾಳ್ಗಿಚ್ಚು ನುಗ್ಗಿತು. 'ಕ್ಯಾಂಪ್ ಫೈರ್' ಎಂದು ಹೆಸರಾದ ಆ ಬೆಂಕಿಯಲ್ಲಿ 85 ಜನ ಸತ್ತರು. 18,000ಕ್ಕೂ ಹೆಚ್ಚು ಕಟ್ಟಡಗಳು ಬೂದಿಯಾದವು. ಪಟ್ಟಣದ ಬಹುಭಾಗ ಸುಡಲು ಒಂದು ಹಗಲು ಸಾಕಾಯಿತು. ಸುಮಾರು 26,000 ಜನರಿದ್ದ ಆ ಊರಿನಲ್ಲಿ 2020ರ ಜನಗಣತಿಯ ಹೊತ್ತಿಗೆ ಸಿಕ್ಕವರು 4,764 ಮಂದಿ. ಉಳಿದವರು ಎಲ್ಲೆಲ್ಲಿಗೋ ಚದುರಿದ್ದರು.

ಇಂಥ ಊರಿಗೆ ಮೊದಲ ವಾರ ಎಲ್ಲರೂ ಬರುತ್ತಾರೆ. ಕ್ಯಾಮೆರಾಗಳು ಬರುತ್ತವೆ, ಲಾರಿಗಟ್ಟಲೆ ಸಾಮಾನು ಬರುತ್ತದೆ, ದೊಡ್ಡ ಪರಿಹಾರ ಸಂಸ್ಥೆಗಳು ಡೇರೆ ಹಾಕುತ್ತವೆ. ಕೆಲವು ತಿಂಗಳಲ್ಲಿ ಅವರೆಲ್ಲ ಮುಂದಿನ ದುರಂತದ ಕಡೆಗೆ ಹೊರಡುತ್ತಾರೆ. ಮನೆ ಕಳೆದುಕೊಂಡವರ ನಿಜವಾದ ಕಷ್ಟ ಶುರುವಾಗುವುದು ಆಗಲೇ: ವಿಮೆಯ ಪತ್ರ ವ್ಯವಹಾರ, ಬಾಡಿಗೆ ಮನೆಯ ಹುಡುಕಾಟ, ಕಟ್ಟಡದ ಪರವಾನಗಿ, ಮೊದಲ ಮಳೆಗೆ ಜರಿಯುವ ಗುಡ್ಡ, ನಿದ್ದೆ ಬಾರದ ರಾತ್ರಿಗಳು. ಈ ವರ್ಷಗಳುದ್ದಕ್ಕೂ ಜೊತೆಗಿರಬಲ್ಲವರು ಊರಿನವರು ಮಾತ್ರ. ಹಾಗಾಗಿಯೇ ಸ್ಥಳೀಯ ಸಂಸ್ಥೆ ಬೇಕು. ಕನಿಷ್ಠ ಐದು ವರ್ಷ ಕದಲದೆ ನಿಲ್ಲುತ್ತೇವೆ ಎಂದು ಮನಸ್ಸು ಮಾಡಿಕೊಂಡವರಿಗಾಗಿ ಈ ಬರಹ.

1. ಮನೆಗಳ ಪಟ್ಟಿ ಮಾಡಿ

ಸಂಸ್ಥೆಗೆ ಹೆಸರು, ಲಾಂಛನ, ಜಾಲತಾಣ ಎಲ್ಲ ಆಮೇಲಾಗಲಿ. ಮೊದಲ ವಾರದಲ್ಲಿ ಆಗಲೇಬೇಕಾದ ಕೆಲಸ ಮನೆ ಮನೆಯ ಪಟ್ಟಿ. ಬೀದಿಯಿಂದ ಬೀದಿಗೆ, ಒಂದೊಂದು ಮನೆಯಲ್ಲಿ ಯಾರಿದ್ದರು, ಈಗ ಎಲ್ಲಿದ್ದಾರೆ, ಸಂಪರ್ಕಿಸುವುದು ಹೇಗೆ, ಮನೆ ಪೂರ್ತಿ ಸುಟ್ಟಿದೆಯೇ ಅಥವಾ ಹೊಗೆಯಿಂದ ಹಾಳಾಗಿದೆಯೇ, ಸ್ವಂತದ್ದೇ ಬಾಡಿಗೆಯದೇ, ವಿಮೆ ಇತ್ತೇ, ಮನೆಯಲ್ಲಿ ವೃದ್ಧರು, ಅಂಗವಿಕಲರು, ಕೂಸುಗಳು ಇದ್ದಾರೆಯೇ, ಯಾವ ಭಾಷೆಯಲ್ಲಿ ಮಾತನಾಡಿದರೆ ಅವರಿಗೆ ಅನುಕೂಲ. ಇಷ್ಟು ಸಾಕು.

ಸರ್ಕಾರದ ಬಳಿ ಪಟ್ಟಿ ಇರುತ್ತದಲ್ಲ ಎಂದು ಸುಮ್ಮನಾಗಬೇಡಿ. ಆಸ್ತಿಯ ದಾಖಲೆಯಿಂದ ತಯಾರಾದ ಪಟ್ಟಿಯಲ್ಲಿ ಮಾಲೀಕರ ಹೆಸರಿರುತ್ತದೆ. ಹಿತ್ತಿಲ ಕೋಣೆಯಲ್ಲಿ ಬಾಡಿಗೆಗಿದ್ದ ವಿದ್ಯಾರ್ಥಿ, ಸಂಚಾರಿ ಮನೆಯಲ್ಲಿದ್ದ ಅಜ್ಜಿ, ತೋಟದ ಶೆಡ್ಡಿನಲ್ಲಿದ್ದ ಕೂಲಿಯವರು ಅದರಲ್ಲಿ ಇರುವುದಿಲ್ಲ. 2017ರ ಅಕ್ಟೋಬರಿನಲ್ಲಿ ಕ್ಯಾಲಿಫೋರ್ನಿಯಾದ ಸೊನೋಮಾ ಕೌಂಟಿಯಲ್ಲಿ ಬೆಂಕಿ ಬಿದ್ದಾಗ, ವಲಸೆ ದಾಖಲೆ ಇಲ್ಲದ ಕಾರ್ಮಿಕರು ಸರ್ಕಾರಿ ನೆರವು ಕೇಳುವ ಸ್ಥಿತಿಯಲ್ಲಿರಲಿಲ್ಲ. ಅಲ್ಲಿನ ಕಾರ್ಮಿಕ ಸಂಘಟನೆಗಳು ಸೇರಿ 'ಅನ್‌ಡಾಕ್ಯುಫಂಡ್' ಎಂಬ ನಿಧಿಯನ್ನು ಕಟ್ಟಿ ಅವರಿಗೆ ನೇರವಾಗಿ ಹಣ ತಲುಪಿಸಿದವು. ಯಾರು ಲೆಕ್ಕದಿಂದ ಹೊರಗಿದ್ದಾರೆ ಎಂಬುದು ಊರಿನ ಒಳಗಿನವರಿಗೆ ಗೊತ್ತಿದ್ದುದರಿಂದ ಇದು ಸಾಧ್ಯವಾಯಿತು.

ಪಟ್ಟಿಗೆ ಹೆಸರು ಸೇರಿಸುವ ಮೊದಲು ಒಪ್ಪಿಗೆ ಕೇಳಿ. ಯಾರೊಂದಿಗೆ ಹಂಚಿಕೊಳ್ಳುತ್ತೀರಿ, ಯಾರೊಂದಿಗೆ ಹಂಚಿಕೊಳ್ಳುವುದಿಲ್ಲ ಎಂದು ಬಾಯಲ್ಲೂ ಹೇಳಿ, ಬರೆದೂ ಕೊಡಿ. ಕಂಗಾಲಾದವರ ಫೋನ್ ಸಂಖ್ಯೆಗಾಗಿ ಕಾದಿರುವ ವಂಚಕರು ಎಲ್ಲ ದುರಂತಗಳ ಹಿಂದೆಯೂ ಇರುತ್ತಾರೆ.

2. ಸಂಸ್ಥೆಯ ಚೌಕಟ್ಟು

ನೋಂದಣಿಗೆ ತಿಂಗಳುಗಟ್ಟಲೆ ಹಿಡಿಯುವುದಾದರೆ, ಈಗಾಗಲೇ ನೋಂದಣಿಯಾಗಿರುವ ನಂಬಿಕಸ್ತ ಸಂಸ್ಥೆಯೊಂದರ ಆಶ್ರಯದಲ್ಲಿ ಕೆಲಸ ಶುರುಮಾಡಿ. ದೇಣಿಗೆ ಅವರ ಖಾತೆಗೆ ಬರಲಿ, ಲೆಕ್ಕ ಪ್ರತ್ಯೇಕವಾಗಿರಲಿ. ಸ್ವಂತ ಖಾತೆ ತೆರೆದಾಗ ಇಬ್ಬರ ಸಹಿ ಕಡ್ಡಾಯ ಮಾಡಿ. ಆಡಳಿತ ಮಂಡಳಿಯಲ್ಲಿ ಮನೆ ಕಳೆದುಕೊಂಡವರೂ ಇರಲಿ, ಬಾಡಿಗೆದಾರರೂ ಇರಲಿ. ಮಂಡಳಿಯ ಸದಸ್ಯರು ತಮ್ಮ ಅಥವಾ ತಮ್ಮ ನೆಂಟರ ಅರ್ಜಿ ಚರ್ಚೆಗೆ ಬಂದಾಗ ಎದ್ದು ಹೊರಗೆ ಹೋಗಬೇಕು ಎಂಬ ನಿಯಮವನ್ನು ಮೊದಲ ಸಭೆಯಲ್ಲೇ ಠರಾವು ಮಾಡಿ. ಸಣ್ಣ ಊರಿನಲ್ಲಿ ಎಲ್ಲರೂ ಎಲ್ಲರಿಗೂ ಬೇಕಾದವರೇ. ಈ ನಿಯಮ ಇಲ್ಲದಿದ್ದರೆ ಆರು ತಿಂಗಳಲ್ಲಿ ಊರು ಎರಡಾಗುತ್ತದೆ.

ಬಂದ ಹಣ, ಹೋದ ಹಣದ ಲೆಕ್ಕವನ್ನು ತಿಂಗಳಿಗೊಮ್ಮೆ ಜನರ ಕಣ್ಣಿಗೆ ಬೀಳುವ ಕಡೆ ಅಂಟಿಸಿ.

3. ಸಾಮಾನು ಬೇಡ, ಹಣ ಕೊಡಿ ಎಂದು ಹೇಳಿ

ಇದನ್ನು ಹೇಳಲು ಬಹಳ ಜನ ಹಿಂಜರಿಯುತ್ತಾರೆ. ಹೇಳಲೇಬೇಕು. 2009ರ ಫೆಬ್ರವರಿ 7ರಂದು ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದಲ್ಲಿ 173 ಜನರನ್ನು ಬಲಿ ತೆಗೆದುಕೊಂಡ 'ಬ್ಲ್ಯಾಕ್ ಸ್ಯಾಟರ್‌ಡೇ' ಬೆಂಕಿಯ ನಂತರ ದೇಶದ ಮೂಲೆಮೂಲೆಯಿಂದ 40,000ಕ್ಕೂ ಹೆಚ್ಚು ಪ್ಯಾಲೆಟ್‌ಗಳಷ್ಟು (ಸರಕು ಪೇರಿಸುವ ಮರದ ಹಲಗೆಗಳಷ್ಟು) ಸಾಮಾನು ಹರಿದುಬಂತು. ಅದನ್ನು ಇಡಲು ಗೋದಾಮು ಬೇಕು, ಬೇರ್ಪಡಿಸಲು ಜನ ಬೇಕು, ಸಾಗಿಸಲು ವಾಹನ ಬೇಕು. ಒಗೆಯದ ಹಳೆಯ ಬಟ್ಟೆಗಳನ್ನು ವಿಂಗಡಿಸುತ್ತ ಕೂತ ಸ್ವಯಂಸೇವಕ ಅದೇ ಹೊತ್ತಿನಲ್ಲಿ ಒಂದು ಕುಟುಂಬದ ವಿಮೆ ಅರ್ಜಿ ತುಂಬಿಸಬಹುದಿತ್ತು.

ನಗದು ಕೊಟ್ಟರೆ ಔಷಧ ಬೇಕಾದವರು ಔಷಧ ಕೊಳ್ಳುತ್ತಾರೆ, ಕನ್ನಡಕ ಸುಟ್ಟುಹೋದವರು ಕನ್ನಡಕ ಮಾಡಿಸಿಕೊಳ್ಳುತ್ತಾರೆ. ಊರಿನಲ್ಲಿ ಉಳಿದಿರುವ ಅಂಗಡಿಗಳಿಗೂ ವ್ಯಾಪಾರವಾಗುತ್ತದೆ. ಮೊದಲ ಹತ್ತು ದಿನಗಳಲ್ಲಿ ಹೆಚ್ಚು ದಾಖಲೆ ಕೇಳದೆ ಎಲ್ಲ ಕುಟುಂಬಗಳಿಗೂ ಒಂದೇ ಮೊತ್ತವನ್ನು ಹಂಚಿಬಿಡಿ. ಆಗ ತಾರತಮ್ಯದ ಮಾತು ಹುಟ್ಟುವುದಿಲ್ಲ. ಉಳಿದ ಹಣವನ್ನು ಮುಟ್ಟದೆ ಎತ್ತಿಡಿ. ಎರಡನೆಯ ವರ್ಷ ದೇಣಿಗೆ ಬತ್ತುತ್ತದೆ. ದೊಡ್ಡ ಖರ್ಚು ಬರುವುದು ಆ ವರ್ಷವೇ.

4. ಬೂದಿಗೆ ಕೈ ಹಾಕುವ ಮುನ್ನ

ಮನೆ ನೋಡಲು ಒಳಗೆ ಬಿಟ್ಟ ದಿನ ಜನ ಬರಿಗೈಯಲ್ಲಿ, ಚಪ್ಪಲಿ ಕಾಲಿನಲ್ಲಿ ಓಡುತ್ತಾರೆ. ಅವರಿಗಿಂತ ಮೊದಲು ನೀವು ದಾರಿಯಲ್ಲಿ ನಿಂತಿರಬೇಕು, ಕೈಯಲ್ಲಿ ಕಿಟ್ ಹಿಡಿದು. ಎನ್‌95 ಮುಖಗವಸು, ದಪ್ಪ ಕೈಗವಸು, ಕಣ್ಣಿಗೆ ಮುಚ್ಚಿದ ಕನ್ನಡಕ, ಗಟ್ಟಿ ಅಟ್ಟೆಯ ಬೂಟು, ತುಂಬು ತೋಳಿನ ಬಟ್ಟೆ, ಹಿಂತಿರುಗುವಾಗ ಬದಲಿಸಲು ಇನ್ನೊಂದು ಜೊತೆ.

ಸುಟ್ಟ ಮನೆಯ ಬೂದಿ ಸೌದೆಯ ಬೂದಿಯಲ್ಲ. ಅದರಲ್ಲಿ ಹಳೆಯ ಬಣ್ಣದ ಸೀಸ ಇರಬಹುದು, ಹಳೆಯ ಚಾವಣಿ ಹಾಳೆಯ ಕಲ್ನಾರು ಇರಬಹುದು, ಗೆದ್ದಲು ಹಿಡಿಯದಂತೆ ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಉಣಿಸಿದ ಮರದಿಂದ ಬಂದ ಆರ್ಸೆನಿಕ್ ಇರಬಹುದು. ಗಾಳಿ ಊದುವ ಯಂತ್ರದಿಂದ ಬೂದಿ ಹಾರಿಸಬೇಡಿ. ನೀರು ತುಸುವೇ ಚಿಮುಕಿಸಿ ಕೆಲಸ ಮಾಡಿ, ಆದರೆ ತೊಳೆದು ಚರಂಡಿಗೆ ಬಿಡಬೇಡಿ. ಮಕ್ಕಳನ್ನೂ ಗರ್ಭಿಣಿಯರನ್ನೂ ಜಾಗದಿಂದ ದೂರವಿಡಿ. ಶೌಚಗುಂಡಿಯ ಪ್ಲಾಸ್ಟಿಕ್ ಮುಚ್ಚಳ ಕರಗಿ ಗುಂಡಿಯ ಮೇಲೆ ಬೂದಿಯ ತೆಳು ಪದರ ಮಾತ್ರ ಉಳಿದಿರುತ್ತದೆ, ಕೋಲು ಊರಿ ನೋಡದೆ ಹೆಜ್ಜೆ ಇಡಬಾರದು. ತಲೆಯ ಮೇಲೆ ನೇತಾಡುವ ಅರೆಸುಟ್ಟ ಕೊಂಬೆಗಳ ಕೆಳಗೆ ನಿಲ್ಲಬಾರದು.

ಏನನ್ನೂ ಕದಲಿಸುವ ಮೊದಲು ನಾಲ್ಕೂ ದಿಕ್ಕಿನಿಂದ ಫೋಟೊ ತೆಗೆಯಿರಿ, ವಿಡಿಯೊ ಮಾಡಿ. ವಿಮೆಗೆ ಇದೇ ಸಾಕ್ಷಿ.

ಆಮೇಲೆ ಜರಡಿ. ಮರದ ಚೌಕಟ್ಟಿಗೆ ಕಾಲು ಅಂಗುಲದ ಕಣ್ಣಿನ ತಂತಿ ಜಾಲರಿ ಹೊಡೆದರೆ ಸಾಕು. ಇಬ್ಬರು ಎರಡು ಬದಿ ಹಿಡಿದು ಅಲ್ಲಾಡಿಸುತ್ತಾರೆ, ಮೂರನೆಯವರು ಸಲಿಕೆಯಿಂದ ಬೂದಿ ಎತ್ತಿ ಹಾಕುತ್ತಾರೆ. ಮನೆಯವರನ್ನು ಕೇಳಿ: ಒಡವೆ ಪೆಟ್ಟಿಗೆ ಯಾವ ಕೋಣೆಯಲ್ಲಿತ್ತು, ಯಾವ ಗೋಡೆಯ ಬದಿ, ಎಷ್ಟು ಎತ್ತರದಲ್ಲಿ? ಮಹಡಿಯಲ್ಲಿದ್ದ ವಸ್ತು ನೇರ ಕೆಳಗೆ ಬಿದ್ದಿರುತ್ತದೆ, ಹಾಗಾಗಿ ಅದೇ ಜಾಗದ ಕೆಳಗಿನ ಬೂದಿಯನ್ನು ಮೊದಲು ಜರಡಿ ಹಿಡಿಯಿರಿ. ಅಲ್ಯುಮಿನಿಯಂ 660 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ಕಾರಿನ ಚಕ್ರದ ರಿಮ್ ಕರಗಿ ರಸ್ತೆಯ ಇಳಿಜಾರಿನಲ್ಲಿ ಬೆಳ್ಳಿಯ ಬಣ್ಣದ ಗೆರೆಯಾಗಿ ಹರಿದು ಹೆಪ್ಪುಗಟ್ಟಿರುವುದನ್ನು ಇಂಥ ಊರುಗಳಲ್ಲಿ ಕಾಣಬಹುದು. ಚಿನ್ನ ಕರಗಲು 1,064 ಡಿಗ್ರಿ ಬೇಕು, ಆದ್ದರಿಂದ ಉಂಗುರ ಉಳಿದಿರುವ ಸಾಧ್ಯತೆ ಇದೆ. ಪಿಂಗಾಣಿ ಬಟ್ಟಲು, ಎರಕದ ಬಾಣಲೆ, ನಾಣ್ಯ ಸಿಗುತ್ತವೆ. ಸಿಕ್ಕಿದ್ದು ಏನೇ ಇರಲಿ, ಒರೆಸಿ ಮನೆಯವರ ಅಂಗೈಗೆ ಕೊಡಿ, ಮತ್ತೆ ಮಾತನಾಡುವ ಮುನ್ನ ಅವರಿಗೆ ಸ್ವಲ್ಪ ಹೊತ್ತು ಬಿಡಿ. ಇಡೀ ಪುನರ್ವಸತಿಯಲ್ಲಿ ಜನ ಕೊನೆವರೆಗೂ ನೆನಪಿಡುವ ಸಹಾಯ ಇದು ಎಂಬುದು ನನ್ನ ಖಚಿತ ನಂಬಿಕೆ.

ನೀರಿನ ವಿಷಯದಲ್ಲಿ ಒಂದು ಎಚ್ಚರಿಕೆ. ಸೊನೋಮಾದ ಸಾಂತಾ ರೋಸಾದಲ್ಲಿ 2017ರ ಬೆಂಕಿಯ ನಂತರ, ಪ್ಯಾರಡೈಸ್‌ನಲ್ಲಿ 2018ರ ನಂತರ, ಕೊಳಾಯಿ ನೀರಿನಲ್ಲಿ ಬೆಂಜೀನ್ ಪತ್ತೆಯಾಯಿತು. ಅದು ಕ್ಯಾನ್ಸರ್ ತರುವ ರಾಸಾಯನಿಕ. ಕೊಳವೆಯಲ್ಲಿ ಒತ್ತಡ ಬಿದ್ದುಹೋದಾಗ ಸುಡುತ್ತಿರುವ ಮನೆಗಳ ಹೊಗೆ ಒಳಗೆ ಎಳೆದುಕೊಳ್ಳುತ್ತದೆ, ಪ್ಲಾಸ್ಟಿಕ್ ಕೊಳವೆಗಳೂ ಬಿಸಿಗೆ ಕರಗಿ ರಾಸಾಯನಿಕ ಬಿಡುತ್ತವೆ. ಈ ನೀರನ್ನು ಕುದಿಸಿದರೆ ಶುದ್ಧವಾಗುವುದಿಲ್ಲ, ಬೆಂಜೀನ್ ಆವಿಯಾಗಿ ಅಡುಗೆಮನೆಯ ಗಾಳಿಗೆ ಸೇರುತ್ತದೆ. ಪರೀಕ್ಷೆಯ ಫಲಿತಾಂಶ ಬರುವವರೆಗೆ ಹೊರಗಿನ ನೀರನ್ನೇ ಕುಡಿಯಲು, ಅಡುಗೆಗೆ ಬಳಸುವಂತೆ ಊರಿಗೆಲ್ಲ ಸಾರಿ.

5. ಕುಟುಂಬಕ್ಕೊಬ್ಬ ಜೊತೆಗಾರ

ಸಂಸ್ಥೆಯ ಜೀವಾಳ ಇರುವುದು ಇಲ್ಲಿ. ಮನೆ ಸುಟ್ಟ ಕುಟುಂಬ ತನ್ನ ಕಥೆಯನ್ನು ಕಚೇರಿಯಿಂದ ಕಚೇರಿಗೆ, ಒಬ್ಬೊಬ್ಬ ಗುಮಾಸ್ತರ ಮುಂದೆ ಮೊದಲಿನಿಂದ ಹೇಳಬೇಕಾಗುತ್ತದೆ. ಪ್ರತಿ ಬಾರಿಯೂ ಗಾಯ ಹೊಸದಾಗುತ್ತದೆ. ಕೊನೆಗೆ ಸೋತು ಅರ್ಜಿಯನ್ನೇ ಕೈಬಿಡುತ್ತಾರೆ. ತರಬೇತಿ ಪಡೆದ ಒಬ್ಬ ಜೊತೆಗಾರ ಒಂದು ಕುಟುಂಬದ ಕಡತವನ್ನು ಮೊದಲ ದಿನದಿಂದ ಹೊಸ ಮನೆಯ ಬೀಗದ ಕೈ ಸಿಗುವವರೆಗೆ ಹಿಡಿದುಕೊಂಡರೆ ಈ ಅಲೆದಾಟ ನಿಲ್ಲುತ್ತದೆ. ಈ ಕೆಲಸಕ್ಕೆ ಸಂಬಳ ಕೊಡಿ. ಸೇವಾಭಾವದಿಂದ ಮೂರು ತಿಂಗಳು ನಡೆಯುತ್ತದೆ, ಮೂರು ವರ್ಷ ನಡೆಯುವುದಿಲ್ಲ.

ಜೊತೆಗಾರರ ಮೊದಲ ಕೆಲಸ ಕಳೆದ ವಸ್ತುಗಳ ಪಟ್ಟಿ. ಖಾಲಿ ಹಾಳೆ ಕೊಟ್ಟು ಬರೆಯಿರಿ ಎಂದರೆ ಯಾರಿಗೂ ಏನೂ ನೆನಪಾಗುವುದಿಲ್ಲ. ಎದುರು ಕುಳಿತು ಕಣ್ಣು ಮುಚ್ಚಿಸಿ, ಬಾಗಿಲಿನಿಂದ ಒಳಗೆ ನಡೆಸಿಕೊಂಡು ಹೋಗಿ: ಬಲಗಡೆ ಏನಿತ್ತು, ಕಪಾಟಿನ ಮೇಲಿನ ಅರೆಯಲ್ಲಿ ಏನಿತ್ತು, ಸೊಳ್ಳೆಪರದೆ ಎಲ್ಲಿ ತೂಗುತ್ತಿತ್ತು? ಹೇಳಿದಂತೆ ನೀವು ಬರೆದುಕೊಳ್ಳಿ. ನೆಂಟರ ಮೊಬೈಲುಗಳಲ್ಲಿರುವ ಹುಟ್ಟುಹಬ್ಬದ, ಮದುವೆಯ ಫೋಟೊಗಳನ್ನು ತರಿಸಿಕೊಳ್ಳಿ. ಫೋಟೊದಲ್ಲಿ ನಗುತ್ತಿರುವವರ ಹಿಂದೆ ಟಿವಿ, ಸೋಫಾ, ಹೊಲಿಗೆ ಯಂತ್ರ ಎಲ್ಲ ಸಾಕ್ಷಿಯಾಗಿ ನಿಂತಿರುತ್ತವೆ. ಆನ್‌ಲೈನ್ ಖರೀದಿಯ ಹಳೆಯ ರಸೀದಿಗಳನ್ನೂ ಹುಡುಕಿ.

ವಿಮೆ ಇದೆ ಎಂದರೆ ಸಾಕಷ್ಟು ಇದೆ ಎಂದಲ್ಲ. 2021ರ ಡಿಸೆಂಬರ್ 30ರಂದು ಅಮೆರಿಕದ ಕೊಲೊರಾಡೊದಲ್ಲಿ ಹುಲ್ಲುಗಾವಲಿನ ಬೆಂಕಿ ಬಿರುಗಾಳಿಗೆ ಸಿಕ್ಕಿ ಬಡಾವಣೆಗಳಿಗೆ ನುಗ್ಗಿ ಸಾವಿರಕ್ಕೂ ಹೆಚ್ಚು ಮನೆಗಳನ್ನು ಸುಟ್ಟಿತು. 'ಮಾರ್ಷಲ್ ಫೈರ್' ಎಂಬ ಆ ದುರಂತದ ನಂತರ ಬಹಳಷ್ಟು ಕುಟುಂಬಗಳ ವಿಮೆ ಮೊತ್ತ ಮನೆಯನ್ನು ಮತ್ತೆ ಕಟ್ಟುವ ವೆಚ್ಚಕ್ಕೆ ಸಾಲುತ್ತಿಲ್ಲ ಎಂಬುದು ಹೊರಬಿತ್ತು. ವಿಮೆಯ ಕರಾರಿನಲ್ಲಿ ಬಾಡಿಗೆ ಮನೆಯ ಖರ್ಚು ಎಷ್ಟು ತಿಂಗಳು ಸಿಗುತ್ತದೆ, ಬೂದಿ ಎತ್ತಿಸುವ ಖರ್ಚು ಸೇರಿದೆಯೇ, ಹೊಸ ಕಟ್ಟಡ ನಿಯಮಗಳಿಗೆ ತಕ್ಕಂತೆ ಕಟ್ಟುವ ಹೆಚ್ಚುವರಿ ವೆಚ್ಚ ಸೇರಿದೆಯೇ ಎಂಬ ಮೂರು ಪ್ರಶ್ನೆಗಳನ್ನು ಪ್ರತಿ ಕಡತದಲ್ಲೂ ಕೇಳಿ.

ಸರ್ಕಾರದಿಂದ 'ನಿಮ್ಮ ಅರ್ಜಿ ತಿರಸ್ಕೃತವಾಗಿದೆ' ಎಂಬ ಪತ್ರ ಬಂದರೆ ಅಲ್ಲಿಗೆ ಮುಗಿಯಿತೆಂದು ಬಿಡಬೇಡಿ. ಎಷ್ಟೋ ಬಾರಿ ಒಂದು ಸಹಿ, ಒಂದು ಒಡೆತನದ ದಾಖಲೆ ಇಲ್ಲದಿರುವುದೇ ಕಾರಣ. ಅಮೆರಿಕದ ಕೇಂದ್ರ ಸರ್ಕಾರದ ವಿಪತ್ತು ನಿರ್ವಹಣಾ ಸಂಸ್ಥೆ ಫೆಮಾ ಮೇಲ್ಮನವಿಗೆ 60 ದಿನ ಕೊಡುತ್ತದೆ. ಬೇರೆ ದೇಶಗಳಲ್ಲಿ ಗಡುವು ಬೇರೆ. ಗಡುವಿನ ತಾರೀಖನ್ನು ಕಡತದ ಮುಖಪುಟದ ಮೇಲೆ ದಪ್ಪಕ್ಷರದಲ್ಲಿ ಬರೆದಿಡಿ.

ನೆರವಿನ ಸರದಿಯೂ ಮುಖ್ಯ. ಮೊದಲು ವಿಮೆ, ಆಮೇಲೆ ಸರ್ಕಾರದ ಅನುದಾನ, ಆಮೇಲೆ ಸಾಲ, ಕಟ್ಟಕಡೆಗೆ ದೇಣಿಗೆಯ ಹಣ. ತುರ್ತು ನಗದನ್ನು ಬಿಟ್ಟು ಉಳಿದ ದೇಣಿಗೆಯನ್ನು ಅವಸರದಲ್ಲಿ ಮೊದಲೇ ಕೊಟ್ಟರೆ, ಒಂದೇ ಖರ್ಚಿಗೆ ಎರಡು ಕಡೆ ನೆರವು ಪಡೆದಂತಾಗಿ ಸರ್ಕಾರದ ಪಾಲು ಕಡಿತವಾಗಬಹುದು. ಎಲ್ಲ ಬಾಗಿಲು ತಟ್ಟಿದ ಮೇಲೂ ಉಳಿದ ಕೊರತೆಯನ್ನು ತುಂಬಲು ಅಮೆರಿಕದ ಹಲವು ಊರುಗಳು ಒಂದು ಒಳ್ಳೆಯ ಪದ್ಧತಿ ಬೆಳೆಸಿಕೊಂಡಿವೆ. ದಾನಿಗಳು, ಧಾರ್ಮಿಕ ಸಂಸ್ಥೆಗಳು, ಕಟ್ಟಡ ಕೆಲಸದ ತಂಡಗಳು ನಿಯಮಿತವಾಗಿ ಒಂದು ಮೇಜಿನ ಸುತ್ತ ಸೇರುತ್ತವೆ. ಜೊತೆಗಾರ ಹೆಸರು ಹೇಳದೆ, ಸಂಖ್ಯೆಯಿಂದ ಮಾತ್ರ ಕಡತವನ್ನು ಮುಂದಿಡುತ್ತಾರೆ. ಚಾವಣಿ ನಮ್ಮದು ಎಂದು ಒಬ್ಬರು, ಕೊಳಾಯಿ ಕೆಲಸ ನಮ್ಮದು ಎಂದು ಇನ್ನೊಬ್ಬರು ಒಪ್ಪಿಕೊಳ್ಳುತ್ತಾರೆ. ಮಾನ ಉಳಿಯುತ್ತದೆ, ಒಂದೇ ಕೆಲಸಕ್ಕೆ ಇಬ್ಬರು ಹಣ ಕೊಡುವುದೂ ತಪ್ಪುತ್ತದೆ.

ಗುತ್ತಿಗೆದಾರರ ಬಗ್ಗೆ ಎರಡೇ ಮಾತು: ಪರವಾನಗಿ ಪರಿಶೀಲಿಸದೆ ಕೆಲಸ ಒಪ್ಪಿಸಬೇಡಿ, ಪೂರ್ತಿ ಹಣವನ್ನು ಮುಂಗಡವಾಗಿ ಕೊಡಬೇಡಿ.

6. ಮೊದಲ ಮಳೆಗೆ ಮೊದಲು ಗುಡ್ಡ ನೋಡಿ

2017ರ ಡಿಸೆಂಬರಿನಲ್ಲಿ 'ಥಾಮಸ್ ಫೈರ್' ದಕ್ಷಿಣ ಕ್ಯಾಲಿಫೋರ್ನಿಯಾದ ಬೆಟ್ಟಗಳನ್ನು ಸುಟ್ಟಿತು. 2018ರ ಜನವರಿ 9ರ ನಸುಕಿನಲ್ಲಿ ಅದೇ ಬೆಟ್ಟಗಳ ಮೇಲೆ ಜೋರು ಮಳೆ ಸುರಿಯಿತು. ಕೆಸರು, ಬಂಡೆ, ಮರದ ದಿಮ್ಮಿಗಳು ಒಟ್ಟಾಗಿ ಮಾಂಟೆಸಿಟೊ ಪಟ್ಟಣದ ಮೇಲೆ ಉರುಳಿ 23 ಜನರ ಜೀವ ಹೋಯಿತು.

ಕಾರಣ ನೆಲದಲ್ಲೇ ಇದೆ. ಗಿಡಗಂಟಿ ಉರಿಯುವಾಗ ಅವುಗಳ ಮೇಣದಂಥ ಅಂಶ ಆವಿಯಾಗಿ ಮಣ್ಣಿನೊಳಗೆ ಇಳಿದು, ಮೇಲ್ಮೈಯ ಕೆಳಗೆ ತಣ್ಣಗಾಗಿ ನೀರು ಹೀರದ ಪದರವಾಗುತ್ತದೆ. ಇದನ್ನು ನೀವೇ ಪರೀಕ್ಷಿಸಬಹುದು. ಬೂದಿಯನ್ನು ಕೈಯಿಂದ ಸರಿಸಿ, ಕೆಳಗಿನ ಮಣ್ಣಿನ ಮೇಲೆ ಕೆಲವು ಹನಿ ನೀರು ಬಿಡಿ. ಹನಿ ತಕ್ಷಣ ಇಂಗಿದರೆ ಒಳ್ಳೆಯದು. ಮಣಿಯಂತೆ ದುಂಡಗೆ ನಿಂತು 40 ಸೆಕೆಂಡು ಕಳೆದರೂ ಇಂಗದಿದ್ದರೆ ಅಲ್ಲಿ ಮಳೆನೀರು ನಿಲ್ಲುವುದಿಲ್ಲ, ಓಡುತ್ತದೆ. ಒಂದೆರಡು ಸೆಂಟಿಮೀಟರ್ ಕೆರೆದು ಮತ್ತೆ ಹನಿ ಹಾಕಿ ನೋಡಿ, ಪದರ ಒಳಗೂ ಇರಬಹುದು. ಇಂಥ ಜಾಗಗಳನ್ನು ನಕ್ಷೆಯಲ್ಲಿ ಗುರುತಿಸಿ ಭೂವಿಜ್ಞಾನಿಗಳಿಗೂ ಆಡಳಿತಕ್ಕೂ ಒಪ್ಪಿಸಿ.

ಮನೆಗಳ ಮೇಲ್ಭಾಗದ ಇಳಿಜಾರಿನಲ್ಲಿ ಕಳೆಬೀಜವಿಲ್ಲದ ಒಣಹುಲ್ಲು ಹೊದಿಸುವುದು ಒಳ್ಳೆಯ ಉಪಾಯ. ಇಳಿಜಾರಿಗೆ ಅಡ್ಡಲಾಗಿ, ಒಂದೇ ಎತ್ತರದಲ್ಲಿ ಸಾಗುವ ಸಮಪಾತಳಿ ರೇಖೆಯುದ್ದಕ್ಕೆ ಹುಲ್ಲಿನ ಉರುಳೆಗಳನ್ನು ಅರ್ಧ ಹೂತು ಗೂಟ ಹೊಡೆಯುವುದೂ ಆಗುತ್ತದೆ. ಆದರೆ ಕಡಿದಾದ ಕಣಿವೆಯಿಂದ ಬರುವ ಬಂಡೆಗಳ ಪ್ರವಾಹಕ್ಕೆ ಇವು ತಡೆಯಾಗುವುದಿಲ್ಲ. ಅಂಥ ಕಣಿವೆಯ ಬಾಯಲ್ಲಿರುವವರಿಗೆ ಉಳಿದಿರುವುದು ಒಂದೇ ದಾರಿ, ಜೋರು ಮಳೆಯ ಮುನ್ಸೂಚನೆ ಬಂದ ಕೂಡಲೇ ಜಾಗ ಖಾಲಿ ಮಾಡುವುದು. ಈ ಅಪಾಯ ಹಲವು ಮಳೆಗಾಲಗಳವರೆಗೆ ಇರುತ್ತದೆ.

7. ಮನಸ್ಸಿನ ಗಾಯ

ಬೆಂಕಿಯ ಮೊದಲ ವಾರಗಳಲ್ಲಿ ಜನ ಗಟ್ಟಿಯಾಗಿರುತ್ತಾರೆ. ಕುಸಿಯುವುದು ಆರೇಳು ತಿಂಗಳ ನಂತರ, ಇಲ್ಲವೇ ವರ್ಷ ತುಂಬುವ ದಿನ. ಬ್ಲ್ಯಾಕ್ ಸ್ಯಾಟರ್‌ಡೇ ಕಂಡ ಊರುಗಳನ್ನು ಮೆಲ್ಬೋರ್ನ್ ವಿಶ್ವವಿದ್ಯಾಲಯದ ಸಂಶೋಧಕರು ವರ್ಷಗಳ ಕಾಲ ಹಿಂಬಾಲಿಸಿ ಅಧ್ಯಯನ ಮಾಡಿದರು. ಸ್ಥಳೀಯ ಸಂಘಗಳಲ್ಲಿ ಒಡನಾಟವಿದ್ದವರ ಮಾನಸಿಕ ಆರೋಗ್ಯ ಇಲ್ಲದವರಿಗಿಂತ ಉತ್ತಮವಾಗಿತ್ತು. ಆದರೆ ತೀರಾ ಹೆಚ್ಚು ಸಂಘಗಳಲ್ಲಿ ತೊಡಗಿಕೊಂಡವರಿಗೆ ಆ ಲಾಭ ಇಳಿಯುತ್ತಿತ್ತು. ಇದು ನಿಮ್ಮ ಕಾರ್ಯಕರ್ತರಿಗೂ ಅನ್ವಯಿಸುವ ಮಾತು, ಅವರಲ್ಲಿ ಅನೇಕರು ಸ್ವತಃ ಮನೆ ಕಳೆದುಕೊಂಡವರು. ಕಡ್ಡಾಯ ರಜೆ ಕೊಡಿ, ಸಂಜೆ ಏಳರ ನಂತರ ಕಚೇರಿಯ ಫೋನ್ ಇನ್ನೊಬ್ಬರ ಕೈಗೆ ಹೋಗಲಿ.

ಆಪ್ತಸಮಾಲೋಚನೆಗೆ ಬನ್ನಿ ಎಂದು ಫಲಕ ಹಾಕಿದರೆ ಬರದವರು, ವಿಶೇಷವಾಗಿ ರೈತರು, ಬೇಲಿ ಕಟ್ಟುವಾಗ ಮನಸ್ಸು ಬಿಚ್ಚುತ್ತಾರೆ. ಬ್ಲ್ಯಾಕ್ ಸ್ಯಾಟರ್‌ಡೇ ನಂತರ 2009ರಲ್ಲಿ ವಿಕ್ಟೋರಿಯಾದಲ್ಲೇ ಹುಟ್ಟಿದ 'ಬ್ಲೇಜ್‌ಏಡ್' ಸಂಸ್ಥೆ ಮಾಡುವ ಮುಖ್ಯ ಕೆಲಸ ಸುಟ್ಟ ಬೇಲಿಗಳನ್ನು ಮತ್ತೆ ಹಾಕುವುದು. ಸ್ವಯಂಸೇವಕರು ಊರಿನಲ್ಲೇ ಬಿಡಾರ ಹೂಡಿ ರೈತರ ಜೊತೆ ಕಂಬ ನೆಡುತ್ತಾರೆ, ತಂತಿ ಬಿಗಿಯುತ್ತಾರೆ. ದನಕರುಗಳಿಗೆ ಬೇಲಿ ಸಿಗುತ್ತದೆ, ಮಾತಿಗೆ ಜನ ಸಿಗುತ್ತಾರೆ. ಸ್ವಯಂಸೇವಕರು ದುಡಿದ ಗಂಟೆಗಳನ್ನು ದಿನದಿನವೂ ಬರೆದಿಡಿ. ಅಮೆರಿಕದಲ್ಲಿ ಇಂಥ ದಾಖಲಾದ ಗಂಟೆಗಳನ್ನು ಸ್ಥಳೀಯ ಆಡಳಿತ ಪುನರ್ವಸತಿ ವೆಚ್ಚದಲ್ಲಿ ತನ್ನ ಪಾಲಾಗಿ ತೋರಿಸಿಕೊಳ್ಳಲು ಅವಕಾಶವಿದೆ.

8. ಮತ್ತೆ ಕಟ್ಟುವಾಗ ಕಿಡಿಯನ್ನು ನೆನಪಿಡಿ

ಜ್ವಾಲೆಯ ಗೋಡೆ ಬಂದು ಮನೆಯನ್ನು ನುಂಗುತ್ತದೆ ಎಂಬ ಚಿತ್ರ ನಮ್ಮ ತಲೆಯಲ್ಲಿದೆ. ಪ್ಯಾರಡೈಸ್‌ನಲ್ಲಿ ಎಷ್ಟೋ ಮನೆಗಳು ನೆಲಸಮವಾಗಿದ್ದರೂ ಪಕ್ಕದ ಮರಗಳು ಹಸಿರಾಗಿಯೇ ನಿಂತಿದ್ದವು. ಬೆಂಕಿಯ ಮುಂಚೂಣಿಗಿಂತ ಬಹಳ ಮುಂದೆ ಗಾಳಿಯಲ್ಲಿ ಹಾರಿಬರುವ ಕಿಡಿಗಳು, ಹೊತ್ತಿಕೊಂಡ ಪಕ್ಕದ ಮನೆಯ ಶಾಖ, ಇವೆರಡೇ ಬಹುಪಾಲು ಮನೆಗಳನ್ನು ಸುಡುತ್ತವೆ. ಅಮೆರಿಕದ ಅರಣ್ಯ ಸೇವೆಯ ವಿಜ್ಞಾನಿ ಜ್ಯಾಕ್ ಕೋಹೆನ್ ದಶಕಗಳ ಸಂಶೋಧನೆಯಿಂದ ತೋರಿಸಿದ್ದು ಇದನ್ನೇ: ಮನೆ ಉಳಿಯುವುದೋ ಇಲ್ಲವೋ ಎಂಬುದು ಮನೆ ಮತ್ತು ಅದರ ಸುತ್ತಲಿನ ಮೂವತ್ತು ಮೀಟರಿನೊಳಗೆ ನಿರ್ಧಾರವಾಗುತ್ತದೆ.

ಆದ್ದರಿಂದ ಗೋಡೆಯಿಂದ ಒಂದೂವರೆ ಮೀಟರ್ ಜಾಗದಲ್ಲಿ ಉರಿಯುವಂಥದ್ದು ಏನೂ ಇರಬಾರದು. ಹೂಗಿಡ ಬೇಡ, ಮರದ ಚಕ್ಕೆ ಹೊದಿಕೆ ಬೇಡ, ಸೌದೆ ರಾಶಿ ಬೇಡ, ತೆಂಗಿನ ನಾರಿನ ಕಾಲೊರೆಸು ಕೂಡ ಬೇಡ. ಜಲ್ಲಿ ಹರಡಿ. ಅಲ್ಲಿಂದ ಒಂಬತ್ತು ಮೀಟರಿನವರೆಗೆ ಗಿಡಗಳ ಗುಂಪುಗಳ ನಡುವೆ ಅಂತರವಿರಲಿ, ನೆಲದಿಂದ ಮರದ ತಲೆಗೆ ಬೆಂಕಿ ಏರದಂತೆ ಕೆಳಗಿನ ಕೊಂಬೆಗಳನ್ನು ಸವರಿ. ಮೂವತ್ತು ಮೀಟರಿನವರೆಗೆ ಒಣಹುಲ್ಲನ್ನು ತಗ್ಗಿಸಿ. ಚಾವಣಿ ಉರಿಯದ ವಸ್ತುವಿನದಾಗಿರಲಿ. ಅಟ್ಟದ ಗಾಳಿಕಿಂಡಿಗಳಿಗೆ 3 ಮಿಲಿಮೀಟರಿನಷ್ಟು ಸಣ್ಣ ಕಣ್ಣಿನ ಲೋಹದ ಜಾಲರಿ ಹೊಡೆಸಿ, ಕಿಡಿ ಒಳನುಗ್ಗುವುದು ಅಲ್ಲಿಂದಲೇ. ಸೂರಿನ ನೀರುದೋಣಿಯಲ್ಲಿ ತರಗೆಲೆ ನಿಲ್ಲದಂತೆ ನೋಡಿಕೊಳ್ಳಿ. ಮರದ ಬೇಲಿ ಗೋಡೆಗೆ ತಾಗಿದ್ದರೆ ಕೊನೆಯ ಒಂದೂವರೆ ಮೀಟರನ್ನು ಕಿತ್ತು ಲೋಹದ್ದು ಹಾಕಿ.

ನಿಮ್ಮ ಸಂಸ್ಥೆ ಮಾಡಬೇಕಾದದ್ದು ಮನೆ ಮನೆಗೆ ಹೋಗಿ ಉಚಿತ ತಪಾಸಣೆ, ಜೊತೆಗೆ ಏಣಿ ಹತ್ತಲಾಗದ ಹಿರಿಯರ ಮನೆಯ ನೀರುದೋಣಿಯ ತರಗೆಲೆ ತೆಗೆದು ಕೊಡುವ ತಂಡ. ಒಂದೇ ಮನೆ ಸಜ್ಜಾದರೆ ಸಾಲದು; ಪಕ್ಕದ ಮನೆ ಹೊತ್ತಿಕೊಂಡರೆ ಇದಕ್ಕೂ ಉಳಿಗಾಲವಿಲ್ಲ. ಅದಕ್ಕಾಗಿಯೇ ಅಮೆರಿಕದ 'ಫೈರ್‌ವೈಸ್', ಕೆನಡಾದ 'ಫೈರ್‌ಸ್ಮಾರ್ಟ್' ಕಾರ್ಯಕ್ರಮಗಳು ಇಡೀ ಬಡಾವಣೆಯನ್ನು ಒಂದು ಘಟಕವಾಗಿ ಮುಂದೆ ತರುತ್ತವೆ.

9. ಸುತ್ತಲಿನ ನೆಲ

2023ರ ಆಗಸ್ಟ್ 8ರಂದು ಹವಾಯಿಯ ಲಹೈನಾ ಪಟ್ಟಣ ಸುಟ್ಟುಹೋಗಿ ಸುಮಾರು ನೂರು ಜನ ಸತ್ತರು. ಕಬ್ಬಿನ ತೋಟಗಳು ಮುಚ್ಚಿದ ಮೇಲೆ ಪಾಳುಬಿದ್ದ ಸುತ್ತಲಿನ ನೆಲದಲ್ಲಿ ಹೊರಗಿನಿಂದ ಬಂದ ಗಿನಿ ಹುಲ್ಲಿನಂಥ ತಳಿಗಳು ಆಳೆತ್ತರಕ್ಕೆ ಬೆಳೆದು ಒಣಗಿದ್ದವು. ಊರಂಚಿನ ಪಾಳು ಜಮೀನು ಯಾರದು, ಅಲ್ಲಿ ಏನು ಬೆಳೆದಿದೆ ಎಂಬ ನಕ್ಷೆ ಮಾಡಿ ಮಾಲೀಕರ ಬೆನ್ನು ಬೀಳಿ. ಆಡುಗಳನ್ನು ಮೇಯಿಸುವುದು, ಬೆಂಕಿರೇಖೆ ಬಿಡಿಸುವುದು, ತಜ್ಞರ ಉಸ್ತುವಾರಿಯಲ್ಲಿ ತಂಪು ಹೊತ್ತಿನಲ್ಲಿ ನಿಯಂತ್ರಿತ ಬೆಂಕಿ ಹಾಕುವುದು ಎಲ್ಲಕ್ಕೂ ಜಾಗವಿದೆ. ಕ್ಯಾಲಿಫೋರ್ನಿಯಾದ ಯುರೋಕ್, ಕರೂಕ್ ಮೂಲನಿವಾಸಿಗಳು ತಲೆತಲಾಂತರದಿಂದ ಸಣ್ಣ ಬೆಂಕಿ ಹಾಕಿ ಕಾಡಿನ ತರಗು ತಗ್ಗಿಸುತ್ತಿದ್ದರು. ಸರ್ಕಾರ ಅದನ್ನು ಶತಮಾನಕ್ಕೂ ಮೀರಿ ನಿಷೇಧಿಸಿತು. ಈಗ ಅದೇ ಜ್ಞಾನವನ್ನು ಮರಳಿ ಬಳಸಲಾಗುತ್ತಿದೆ. ನಿಮ್ಮ ನೆಲದ ಹಳಬರನ್ನು ಕೇಳದೆ ಯೋಜನೆ ಮಾಡಬೇಡಿ.

ಸಸಿ ನೆಡುವ ಉತ್ಸಾಹಕ್ಕೆ ಸ್ವಲ್ಪ ತಡೆ ಹಾಕಿ. ಕಪ್ಪಾದ ಮರ ಸತ್ತಿದೆ ಎಂದಲ್ಲ. ತೊಗಟೆಯನ್ನು ತುಸು ಕೆರೆದಾಗ ಒಳಗೆ ಹಸಿ ಕಂಡರೆ ಅದು ಬದುಕಿದೆ. ಒಂದು ಚಿಗುರುವ ಕಾಲ ಕಾದು ನೋಡಿ. ನೆಡಲೇಬೇಕಾದ ಕಡೆ ಅದೇ ಪ್ರದೇಶದ ಬೀಜದಿಂದ ಬಂದ, ಹಲವು ಜಾತಿಯ ಸಸಿ ನೆಡಿ.

10. ಹೊಗೆ, ಎಚ್ಚರಿಕೆ, ತಾಲೀಮು

ಕೆನಡಾದ ಲಿಟ್ಟನ್ ಹಳ್ಳಿಯಲ್ಲಿ 2021ರ ಜೂನ್ 29ರಂದು 49.6 ಡಿಗ್ರಿ ಉಷ್ಣಾಂಶ ದಾಖಲಾಯಿತು. ಮರುದಿನವೇ ಬೆಂಕಿ ಬಂದು ಹಳ್ಳಿಯ ಬಹುಭಾಗ ಸುಟ್ಟುಹೋಯಿತು. ಬಿಸಿ ಏರಿದಷ್ಟೂ ಗಾಳಿ ನೆಲದ, ಗಿಡದ ತೇವವನ್ನು ಹೀರುತ್ತದೆ. ಇನ್ನು ಮುಂದೆ ಬಿಸಿಲು, ಹೊಗೆ, ಬೆಂಕಿ, ಪ್ರವಾಹ ಒಂದರ ಬೆನ್ನಿಗೊಂದು ಬರುತ್ತವೆ ಎಂದೇ ತಯಾರಿ ನಡೆಯಬೇಕು.

ಊರಿನ ಶಾಲೆ ಅಥವಾ ಗ್ರಂಥಾಲಯದ ಒಂದು ಕೋಣೆಯನ್ನು ಶುದ್ಧಗಾಳಿಯ ಕೋಣೆಯಾಗಿ ಸಜ್ಜುಗೊಳಿಸಿ. ಬಾಗಿಲು ಕಿಟಕಿಗಳ ಸಂದು ಮುಚ್ಚಿ, ನಾಲ್ಕು ಮರ್ವ್-13 ದರ್ಜೆಯ (ಸೂಕ್ಷ್ಮ ಕಣ ಹಿಡಿಯುವ) ಗಾಳಿ ಫಿಲ್ಟರುಗಳನ್ನು ಪೆಟ್ಟಿಗೆಯಾಗಿ ಜೋಡಿಸಿ ಮೇಲೊಂದು ಚೌಕ ಫ್ಯಾನ್ ಇಟ್ಟರೆ ಹೊಗೆಯ ಸೂಕ್ಷ್ಮ ಕಣಗಳನ್ನು ಚೆನ್ನಾಗಿ ಹಿಡಿಯುತ್ತದೆ. ಇದಕ್ಕೆ ಕೋರ್ಸಿ-ರೋಸೆಂಥಾಲ್ ಪೆಟ್ಟಿಗೆ ಎನ್ನುತ್ತಾರೆ. ಆಮ್ಲಜನಕದ ಯಂತ್ರ ಬಳಸುವವರಿಗಾಗಿ ಅಲ್ಲಿ ಬ್ಯಾಟರಿ ಇರಲಿ.

ಎಚ್ಚರಿಕೆಯ ವಿಷಯದಲ್ಲಿ ಒಂದೇ ಮಾರ್ಗವನ್ನು ನಂಬಬೇಡಿ. ಕ್ಯಾಂಪ್ ಫೈರ್ ದಿನ ಅನೇಕರಿಗೆ ಮೊಬೈಲ್ ಎಚ್ಚರಿಕೆ ತಲುಪಲೇ ಇಲ್ಲ, ಲಹೈನಾದಲ್ಲಿ ಸೈರನ್ ಮೊಳಗಲಿಲ್ಲ. ಪೋರ್ಚುಗಲ್‌ನ ಪೆದ್ರೋಗಾವ್ ಗ್ರಾಂದೆಯಲ್ಲಿ 2017ರ ಜೂನ್‌ನಲ್ಲಿ ಸತ್ತ 66 ಜನರಲ್ಲಿ ಬಹಳಷ್ಟು ಮಂದಿ ಕಾರಿನಲ್ಲಿ ತಪ್ಪಿಸಿಕೊಳ್ಳಲು ಹೋಗಿ ರಸ್ತೆಯಲ್ಲೇ ಬೆಂಕಿಗೆ ಸಿಕ್ಕಿದ್ದರು. ಮರುವರ್ಷವೇ ಆ ದೇಶ ಸುರಕ್ಷಿತ ಹಳ್ಳಿಗಳ ಕಾರ್ಯಕ್ರಮ ಶುರುಮಾಡಿತು. ಹಳ್ಳಿಗೊಬ್ಬ ಸುರಕ್ಷಾ ಹೊಣೆಗಾರ, ಊರೊಳಗೆ ಗುರುತು ಮಾಡಿದ ಆಶ್ರಯ ಸ್ಥಳ, ತೆರವಿನ ತಾಲೀಮು ಅದರ ಭಾಗ. ನಿಮ್ಮಲ್ಲೂ ಬೀದಿಗೊಬ್ಬರನ್ನು ನೇಮಿಸಿ. ಬಾಗಿಲು ತಟ್ಟಬೇಕಾದ ಮನೆಗಳು ಯಾವುವು, ವಾಹನವಿಲ್ಲದವರನ್ನು ಯಾರು ಹತ್ತಿಸಿಕೊಳ್ಳುತ್ತಾರೆ ಎಂಬುದು ಹೆಸರು ಸಮೇತ ಬರೆದಿರಲಿ.

ಬೇಸಿಗೆಗೆ ಮೊದಲು ತಾಲೀಮನ್ನು ಒಮ್ಮೆ ಹಗಲಿನಲ್ಲಿ ಮಾಡಿ, ಇನ್ನೊಮ್ಮೆ ರಾತ್ರಿ, ವಿದ್ಯುತ್ ಇಲ್ಲದಂತೆ ಮಾಡಿ. ಮೊಬೈಲ್ ಜಾಲ ಸತ್ತಿದೆ ಎಂದುಕೊಂಡು ಸುದ್ದಿ ಮುಟ್ಟಿಸಿ ನೋಡಿ. ವಿದ್ಯುತ್ತಿನಿಂದ ತೆರೆಯುವ ಗ್ಯಾರೇಜ್ ಬಾಗಿಲನ್ನು ಕೈಯಿಂದ ಎತ್ತಲು ಮನೆಯ ಹಿರಿಯರಿಗೆ ಬರುತ್ತದೆಯೇ ಎಂದು ಪ್ರತಿ ಮನೆಯಲ್ಲೂ ಪರೀಕ್ಷಿಸಿ. ಕ್ಯಾಲಿಫೋರ್ನಿಯಾದ 2017ರ ಬೆಂಕಿಯಲ್ಲಿ ವಿದ್ಯುತ್ ಹೋಗಿ ಈ ಬಾಗಿಲು ತೆರೆಯಲಾಗದೆ ಒಳಗೇ ಸಿಕ್ಕಿಕೊಂಡವರಿದ್ದರು. ಆಮೇಲೆ ಕ್ಯಾಲಿಫೋರ್ನಿಯಾ ಕಾನೂನು ತಂದು, 2019ರ ಜುಲೈನಿಂದ ಮಾರುವ ಹೊಸ ಬಾಗಿಲು ಯಂತ್ರಗಳಿಗೆಲ್ಲ ಬ್ಯಾಟರಿ ಕಡ್ಡಾಯ ಮಾಡಿದೆ.